ನಿಮ್ಮ ಭಾನುವಾರಗಳು

ಅಪ್ಪಾ,

ನೀವು ತೀರಿಕೊಂಡು ಎರಡು ವರ್ಷವಾದರೂ ಇವತ್ತು ನಿಮ್ಮ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿದೆ.

ನಾನು ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ಪರೀಕ್ಷೆ ಪಾಸಾದೆ. ಅಂಗೈಯಗಲದ, ಐದೇ ವ್ಯಾಟಿನ ಸೆಟ್ಟು ಕೊಂಡೆ. ಬೆಳಿಗ್ಗೆ ತಾರಸಿಯಲ್ಲಿ ಬಟ್ಟೆ ಒಣಹಾಕುವ ಕಂಬಕ್ಕೆ ಆಂಟೆನಾ ತಂತಿ ಕಟ್ಟಿ, ಯಾರಿಗಾದರೂ ಕೇಳಿಸೀತೆಂದು ಮುಕ್ಕಾಲು ಗಂಟೆ ಕರೆದೆ. ಕೊನೆಗೆ ನೂರಾರು ಮೈಲಿ ಆಚೆಯಿಂದ ಹಿರಿಯರೊಬ್ಬರು ಓಗೊಟ್ಟರು. ವಾಚ್ ರಿಪೇರಿ ಮಾಡುವವರಂತೆ. ನಾನು ಊರು ಹೇಳಿದ್ದೇ ತಡ, "ಅಯ್ಯೋ, ಅದು ನಮ್ಮ ಗುರುಗಳ ಊರಮ್ಮಾ!" ಎಂದು ನಿಮ್ಮ ಹೆಸರು ಹೇಳಿದರು. "ಹತ್ತು ವರ್ಷ, ಪ್ರತಿ ಭಾನುವಾರ ರೇಡಿಯೋದಲ್ಲೇ ಕಲಿಸಿದ್ರು. ಎಷ್ಟು ತಪ್ಪಿದ್ರೂ ಒಂದು ದಿನಾನೂ ಗದರಲಿಲ್ಲ."

ಗದರಲಿಲ್ಲವಂತೆ! ಹನ್ನೆರಡನೇ ವಯಸ್ಸಿನಲ್ಲಿ ನಾನು ನಿಮ್ಮ ರೇಡಿಯೋ ಮೈಕು ಮುಟ್ಟಿದಾಗ "ಇದು ಹುಡುಗೀರ ಆಟ ಅಲ್ಲ, ಹೋಗಾಚೆ" ಎಂದು ಕೋಣೆಯ ಚಿಲಕ ಹಾಕಿಕೊಂಡವರು ಯಾರು? ಮುಖ ಕೂಡ ನೋಡದವರಿಗೆ ಅಷ್ಟು ಭಾನುವಾರ ಕೊಟ್ಟಿರಿ. ಬಾಗಿಲಾಚೆ ನಿಂತಿದ್ದ ನನಗೆ ಒಂದು ಗಂಟೆಯೂ ಇರಲಿಲ್ಲವೇ?

ನಾನು ಅವರ ಮಗಳು ಎಂದೆ.

"ಹಾಗಾದ್ರೆ ನಿಮಗೂ ಅವರೇ ಕಲಿಸಿರ್ಬೇಕು, ಅಲ್ವಾ?"

ಎಲ್ಲವನ್ನೂ ಹೇಳಿಬಿಡಬೇಕೆಂದೇ ಮೈಕಿನ ಗುಂಡಿ ಒತ್ತಿದೆ.

"ಹೌದು ಸಾರ್" ಎಂದೆ. "ಪಕ್ಕದಲ್ಲೇ ಕೂರಿಸ್ಕೊಂಡು ಕಲಿಸಿದ್ರು."