ಬಾಣ ಮತ್ತು ಹಿತ್ತಲ ಬಾಗಿಲು

ಗದಗ
ಫೆಬ್ರುವರಿ ೩೦, ೨೧೮೭

ಈ ಮನೆಯಲ್ಲಿ ನಮಗಿಂತ ಮೊದಲು ಬಾಳಿದವರಿಗೆ ನಮಸ್ಕಾರ.

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಮೇ ತಿಂಗಳು ಯಾರಿಂದಲೂ ತಡೆಯಲಾಗದಂತಾದಾಗ, ಅದರಿಂದ ಎರಡು ದಿನ ಕಿತ್ತು ಫೆಬ್ರುವರಿಗೆ ಸೇರಿಸಿದರು. ಬಿಸಿಲೇನೂ ಕಡಿಮೆಯಾಗಲಿಲ್ಲ, ತಿಂಗಳು ಗಿಡ್ಡವಾಯಿತು, ಅಷ್ಟೇ. ಹೀಗೆ ಹುಟ್ಟಿಕೊಂಡ ಈ ದಿನ ಯಾವ ಹಬ್ಬಕ್ಕೂ ಸೇರದ ಕಾರಣ ಊರಿಗೆಲ್ಲ ಬರೀ ರಜೆ. ಇವತ್ತು ಜನ ಹಿಂದೋಲೆ ಬರೆಯುತ್ತಾರೆ. ಹಿಂದೋಲೆ ಎಂದರೆ ನಮಗಿಂತ ಮುಂಚೆ ಬಾಳಿ ಹೋದವರಿಗೆ ಬರೆಯುವ ಕಾಗದ. ಬರೆದು, ಒಮ್ಮೆ ಗಟ್ಟಿಯಾಗಿ ಓದಿ, ಗೋಡೆಯ ಬಿರುಕಿನಲ್ಲಿಟ್ಟು ಮೆತ್ತಿಬಿಡುವುದು ಪದ್ಧತಿ. ಶಾಲೆ ಬಿಟ್ಟ ಮೇಲೆ ನಾನು ಬರೆಯುತ್ತಿರುವ ಮೊದಲ ಹಿಂದೋಲೆ ಇದು. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಕ್ಷಮಿಸಿ. ನಡುನಡುವೆ ಎದ್ದು ಹೋಗಿ ಬಂದು ಬರೆಯುತ್ತಿದ್ದೇನೆ, ಅದಕ್ಕೂ ಕ್ಷಮಿಸಿ. ಒಂದೇ ಕಡೆ ಕೂರುವುದು ನನಗೆ ಮೊದಲಿನಿಂದಲೂ ಆಗಿಬಂದಿಲ್ಲ.

ನನ್ನ ಹೆಸರು ಇರಾವತಿ ಹೂಗಾರ. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಹತ್ತಿ ರಿಪೇರಿ ಮಾಡುವುದು ನನ್ನ ಕೆಲಸವಾಗಿತ್ತು. ನಿಮ್ಮ ಕಾಲದಲ್ಲಿ ಅವಕ್ಕೆ ಏನೆನ್ನುತ್ತಿದ್ದರೋ, ನಮ್ಮೂರಿನ ಬಾಯಲ್ಲಿ ಅವು ಫ್ಯಾನು. ಗಾಳಿ ಬೇರೆ ದಿಕ್ಕು ಹಿಡಿದ ಮೇಲೆ ಒಂದೊಂದಾಗಿ ಫ್ಯಾನುಗಳು ನಿಂತವು. ಕೊನೆಗೆ ನಮ್ಮನ್ನೂ ಮನೆಗೆ ಕಳಿಸಿದರು. ನನ್ನ ಗಂಡ ಮೈಲಾರಪ್ಪ ಮಕ್ಕಳಿಗೆ ಹಾರ್ಮೋನಿಯಂ ಕಲಿಸುತ್ತಿದ್ದವರು. ಒಂದು ಸ್ವರ ಹಿಡಿದು ಮಧ್ಯಾಹ್ನವಿಡೀ ಕೂರಬಲ್ಲರು. ನಾನು ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಇಲ್ಲದೆ ಒಂದು ಗಂಟೆ ಕಳೆಯಲಾರೆ. ಇಂಥ ಇಬ್ಬರ ನಡುವೆ ಒಂದು ನಾಯಿ ಇದೆ. ಮುಧೋಳದ ತಳಿ, ಬೂದು ಬಣ್ಣ, ಹೆಸರು ಬಾಣ. ಮರಿಯಾಗಿದ್ದಾಗ ಗುಡ್ಡದ ಇಳಿಜಾರಿನಲ್ಲಿ ಅವನು ಮೊಲದ ಹಿಂದೆ ಓಡುವುದನ್ನು ಫ್ಯಾನಿನ ತುದಿಯಿಂದ ನೋಡಿದ್ದೇನೆ. ಮೇಲಿನಿಂದ ಬರೀ ಒಂದು ಗೆರೆ ಕಾಣುತ್ತಿತ್ತು.

ಈಗ ಅವನಿಗೆ ಹದಿನಾಲ್ಕು. ಕಣ್ಣಿಗೆ ಪೊರೆ ಬಂದಿದೆ. ಹೋದ ದೀಪಾವಳಿಯ ಹೊತ್ತಿಗೆ ಹಿಂಗಾಲು ಸೋತವು. ನಯವಾದ ಶಹಾಬಾದ್ ಕಲ್ಲಿನ ನೆಲದ ಮೇಲೆ ಜಾರಿ ಬಿದ್ದು, ಎದ್ದು, ಏನೂ ಆಗಿಲ್ಲವೆಂಬಂತೆ ಗೋಡೆ ನೋಡುತ್ತಾ ನಿಂತ. ಅವತ್ತೇ ನಾನು ಕೆಲಸ ಶುರು ಮಾಡಿದೆ.

ನಮ್ಮಲ್ಲಿ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಬಾಗಿಲುಗಂಟೆ ಹೊಡೆಯುತ್ತಾರೆ. ಅದು ಹೊಡೆದ ಮೇಲೆ ಬಿಸಿಲು ಇಳಿಯುವವರೆಗೆ ಯಾರೂ ಹೊರಗೆ ಹೋಗುವಂತಿಲ್ಲ. ಊರೆಲ್ಲ ಬಾಗಿಲು ಹಾಕಿಕೊಂಡು ಮಲಗುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಸುತ್ತಿಗೆಯ ಸದ್ದು. ಮೊದಲು ಫ್ಯಾನಿನ ಹಳೇ ಬೆಲ್ಟುಗಳನ್ನು ಸೀಳಿ ಪಡಸಾಲೆಯ ನೆಲಕ್ಕೆಲ್ಲ ಅಂಟಿಸಿದೆ. ಬಾಣ ಬಗ್ಗದೆಯೇ ನೀರು ಕುಡಿಯಲಿ ಎಂದು ಬೋಗುಣಿಗೆ ಸ್ಟ್ಯಾಂಡ್ ಮಾಡಿದೆ. ನಮ್ಮ ಮಂಚವನ್ನು ಬೇರೆ ಕೋಣೆಗೆ ಸರಿಸಿ ಹಿತ್ತಲ ಬಾಗಿಲ ಪಕ್ಕದಲ್ಲಿದ್ದ ಅವನ ಹಾಸಿಗೆಯನ್ನು ಅದು ಇದ್ದಲ್ಲಿ ಹಾಸಿದೆ. ಹಾಸಿಗೆಗೆ ಗಾಳಿ ಸಾಲದೆನಿಸಿ ಅದನ್ನು ಕಿಟಕಿಯ ಕೆಳಗೆ ತಂದೆ. ಕಿಟಕಿಯ ಹತ್ತಿರ ಕಾವು ಹೆಚ್ಚೆನಿಸಿ ಮತ್ತೆ ಅಡುಗೆಮನೆಯ ಗೋಡೆಗೆ ತಳ್ಳಿದೆ. ಹಿತ್ತಲ ಬಾಗಿಲಿನ ಆಚೆ ಎರಡು ಕಡಿದಾದ ಮೆಟ್ಟಿಲುಗಳಿದ್ದವು. ಒಮ್ಮೆ ಅಲ್ಲಿಂದ ಬಿದ್ದು ಅವನ ಗದ್ದ ಒಡೆಯಿತು. ಆ ಬಾಗಿಲನ್ನೇ ಕಿತ್ತು, ಇಟ್ಟಿಗೆ ತುಂಬಿ, ಮೇಲೆ ಸಿಮೆಂಟಿನ ಗಿಲಾವು ಮಾಡಿ, ಮೂಡಣ ಗೋಡೆಯಲ್ಲಿ ಹೊಸ ಬಾಗಿಲು ಕೊರೆದು ಹೊರಕ್ಕೆ ಇಳಿಜಾರು ಕಟ್ಟಿದೆ. ಅದು ನಾನು ಮಾಡಿದ ಕೆಲಸಗಳಲ್ಲೆಲ್ಲ ಚೆಂದವಾಗಿತ್ತು. ಮೈಲಾರಪ್ಪನವರು ಗಿಲಾವಿನ ಧೂಳನ್ನು ಹಾರ್ಮೋನಿಯಮ್ಮಿನ ಮೇಲಿಂದ ಒರೆಸುತ್ತಾ, ಒಂದು ಗಳಿಗೆ ಕೂಡು ಎನ್ನುತ್ತಿದ್ದರು. ಕೂಡುತ್ತಿದ್ದೆ. ಅಷ್ಟರಲ್ಲಿ ಬಾಣ ಏಳುತ್ತಿದ್ದ. ಕೋಣೆಯಿಂದ ಕೋಣೆಗೆ ಉಗುರು ಕಟಕಟ ಅನ್ನಿಸುತ್ತಾ ಓಡಾಡಿ, ಯಾವುದೋ ಮೂಲೆಗೆ ಮುಖ ಕೊಟ್ಟು ನಿಲ್ಲುತ್ತಿದ್ದ. ನೋಡಲಾಗದೆ ನಾನೂ ಎದ್ದು ಮತ್ತೇನನ್ನೋ ಬಿಚ್ಚುತ್ತಿದ್ದೆ.

ಶನಿವಾರ ಸಂಜೆ ಮಾತ್ರ ಸುತ್ತಿಗೆಗೆ ಬಿಡುವು. ಊರ ಹೊರಗೆ, ನಿಂತುಹೋದ ಫ್ಯಾನೊಂದರ ಬುಡದಲ್ಲಿ, ಫಕ್ಕೀರೇಶ ಮ್ಯಾಗೇರಿಯವರು ಬಿಳಿಜೋಳದ ಬಿಯರ್ ಮಾಡಿ ಮಾರುತ್ತಾರೆ. ತುಸು ಹುಳಿ, ತುಸು ಕಹಿ, ಮಣ್ಣಿನ ಹರವಿಯಲ್ಲಿ ತಣ್ಣಗಿಟ್ಟದ್ದು. ಅಲ್ಲಿ ಮರಗಳಿಲ್ಲ. ಇರುವುದು ಕಂಬದ ನೆರಳೊಂದೇ, ಅಗಲ ಕಡಿಮೆ, ಉದ್ದ ಬಹಳ. ಗಿರಾಕಿಗಳೆಲ್ಲ ಆ ನೆರಳಿನೊಳಗೆ ಸಾಲಾಗಿ ಕೂರುತ್ತಾರೆ. ನೆರಳು ಸರಿದಂತೆ ಲೋಟ ಹಿಡಿದು ಬೆಂಚಿನ ಸಮೇತ ಸರಿಯುತ್ತಾರೆ. ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಬಾಣ ಮೊದಲಿನಿಂದಲೂ ನಮ್ಮ ಜೊತೆ ನಡೆದು ಬಂದು ಬೆಂಚಿನ ಕೆಳಗೆ ಮಲಗಿ, ನೆನೆಸಿದ ಜೋಳ ತಿನ್ನುತ್ತಿದ್ದ. ಕಾಲು ಸೋತ ಮೇಲೆ ಅವನಿಗೊಂದು ಕೈಗಾಡಿ ಮಾಡಿದೆ.

ಫಕ್ಕೀರೇಶರಿಗೂ ಗುಂಡ ಎಂಬ ಮುದಿ ನಾಯಿಯಿತ್ತು. ಎರಡು ವರ್ಷದ ಹಿಂದೆ ಅವರು ಅದಕ್ಕೆ ಹುಬ್ಬಳ್ಳಿಯಲ್ಲಿ ಮರುಹರೆಯ ಮಾಡಿಸಿ ತಂದರು. ಅದು ಈಗ ಬಂದಿರುವ ಚಿಕಿತ್ಸೆ. ನಾಯಿಯನ್ನು ಒಂದು ವಾರ ನಿದ್ದೆಯಲ್ಲಿಟ್ಟು ಮೂಳೆ, ಕಣ್ಣು, ಮಿದುಳು ಎಲ್ಲವನ್ನೂ ಎಳೆಯದು ಮಾಡಿ ಕೊಡುತ್ತಾರೆ. ಮಿದುಳು ಎಳೆಯದಾಗುವಾಗ ಹಳೆಯ ನೆನಪು ಉಳಿಯುವುದಿಲ್ಲ. ಗುಂಡ ಈಗ ನೆರಳಿನ ಈ ತುದಿಯಿಂದ ಆ ತುದಿಗೆ ಓಡುತ್ತದೆ, ಯಾರು ಜೋಳ ಹಾಕಿದರೂ ಅವರ ಕಾಲ ಬಳಿ ಕೂರುತ್ತದೆ.

ಜನವರಿಯಲ್ಲಿ ನಾನು ಬಾಣನನ್ನೂ ಹುಬ್ಬಳ್ಳಿಗೆ ಒಯ್ದೆ. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯ ಹೆಣ್ಣುಮಗಳು. ಏನನ್ನೂ ಮುಚ್ಚಿಡಲಿಲ್ಲ. ಹೀಗೆಯೇ ಬಿಟ್ಟರೆ ಬೇಸಿಗೆ ದಾಟುವುದು ಕಷ್ಟ ಎಂದರು. ಮರುಹರೆಯ ಮಾಡಿಸಿದರೆ ಇನ್ನೂ ಹತ್ತು ವರ್ಷ ಬದುಕುತ್ತಾನೆ, ಆದರೆ ನೀವು ಯಾರೆಂದು ಅವನಿಗೆ ತಿಳಿಯದು, ಮತ್ತೆ ಮೊದಲಿನಿಂದ ಕಲಿಸಬೇಕು ಎಂದರು. ನಾನು ಅಲ್ಲಿಯೇ ಒಪ್ಪಿ ದಿನ ಗೊತ್ತು ಮಾಡಿಕೊಂಡು ಬಂದೆ. ಮಾಡಲು ಏನೋ ಒಂದು ಕೆಲಸ ಸಿಕ್ಕಿತೆಂದು ದಾರಿಯುದ್ದಕ್ಕೂ ಎದೆ ಹಗುರಾಗಿತ್ತು.

ಮೈಲಾರಪ್ಪನವರು ಕೇಳಿ ಹಾರ್ಮೋನಿಯಮ್ಮಿನ ಮೇಲಿಂದ ಕೈ ತೆಗೆದರು. ಆಮೇಲೆ ಹೇಳಿದರು: "ಕಾಲು ಬರ್ತಾವು, ಖರೆ. ಆದ್ರ ಆಮ್ಯಾಲೆ ನಮ್ಮನ್ಯಾಗ ಇರೂದು ಯಾರ ನಾಯಿ?"

ನಾನು ಸಿಟ್ಟಾದೆ. ನೀವು ಕೂತಲ್ಲೇ ಕೂತು ಅವನು ಸಾಯುವುದನ್ನು ನೋಡಬಲ್ಲಿರಿ, ನನ್ನಿಂದಾಗದು ಎಂದೆ. ಅವರು ಎದ್ದು ಹಾರ್ಮೋನಿಯಂ ಮುಚ್ಚಿದರು. ಮರುದಿನದಿಂದ ನಮ್ಮ ನಡುವೆ ಊಟ, ನೀರು, ಬಾಣನ ಮಾತ್ರೆ, ಇಷ್ಟರದೇ ಮಾತು ಉಳಿಯಿತು.

ಹುಬ್ಬಳ್ಳಿಗೆ ಹೋಗಬೇಕಾದ ದಿನಕ್ಕೆ ಮುಂಚಿನ ಶನಿವಾರ ಮಾತಿಲ್ಲದೆಯೇ ಇಬ್ಬರೂ ಗಾಡಿ ತಳ್ಳಿಕೊಂಡು ಬಿಯರಿಗೆ ಹೋದೆವು. ನೆರಳು ಆಗಲೇ ಜೋಳದ ಹೊಲದೊಳಗೆ ಚಾಚಿತ್ತು. ಮೈಲಾರಪ್ಪನವರು ಸಾಲಿನ ತುದಿಯಲ್ಲಿ ಬೇರೆಯವರೊಡನೆ ಕೂತರು. ನಾನು ಫಕ್ಕೀರೇಶರನ್ನು ಕರೆದು, ಗುಂಡನಿಗೆ ಮಾಡಿಸಿದ್ದು ಒಳ್ಳೆಯದಾಯಿತೇ ಎಂದು ನೇರವಾಗಿ ಕೇಳಿದೆ. ಅವರು ಹರವಿಯ ಬಾಯಿಗೆ ಬಟ್ಟೆ ಕಟ್ಟುತ್ತಾ ನನ್ನ ಕಡೆ ನೋಡದೆ ಹೇಳಿದರು: "ಅಕ್ಕಾರ, ನಾಯಿ ಭಾಳ ಚಲೋ ಐತಿ. ಒಟ್ಟ ತ್ರಾಸ ಕೊಡಂಗಿಲ್ಲ. ನಂದಲ್ಲ, ಅಷ್ಟ."

ಲೋಟ ಇಟ್ಟು ಗಾಡಿಯ ಕಡೆ ತಿರುಗಿದೆ. ಬಾಣ ಅದರಲ್ಲಿರಲಿಲ್ಲ.

ಮೊದಲು ಬೆಂಚುಗಳ ಕೆಳಗೆ ನೋಡಿದೆವು. ಕುಡಿಯುತ್ತಿದ್ದವರೆಲ್ಲ ಎದ್ದು ಹೊಲದ ಬದುಗಳ ಮೇಲೆ ಹರಡಿಕೊಂಡರು. ಅರೆಕುರುಡು ನಾಯಿ, ಎದ್ದು ನಿಲ್ಲಲು ಎರಡು ಸಲ ಪ್ರಯತ್ನಿಸಬೇಕಾದದ್ದು, ಎಷ್ಟು ದೂರ ಹೋದೀತು ಎಂದು ಎಲ್ಲರೂ ಹತ್ತಿರದಲ್ಲೇ ಹುಡುಕಿದರು. ನಾನು ಹಳೇ ಬಾವಿಯ ಕಡೆ ಓಡಿದೆ. ಕಟ್ಟೆ ಹಿಡಿದು ಬಗ್ಗಿ ನೋಡಿದೆ. ಬಾವಿಯಲ್ಲಿ ಬರೀ ಕಲ್ಲಿತ್ತು. ಹೊತ್ತು ಮುಳುಗುತ್ತಾ ಬಂತು. ಆಗ ಮೈಲಾರಪ್ಪನವರು ನನ್ನ ತೋಳು ಹಿಡಿದು, ಮನೆಯ ಕಡೆ ನಡಿ ಎಂದರು. ಅಷ್ಟು ದೂರ ಅವನಿಂದಾಗದು ಎಂದೆ. ಆದರೂ ನಡೆದೆ.

ಮನೆಯ ಮುಂದೆ ಅವನಿರಲಿಲ್ಲ. ಮೂಡಣ ಬಾಗಿಲಿನ ಇಳಿಜಾರಿನಲ್ಲೂ ಇರಲಿಲ್ಲ. ಹಿತ್ತಲಿಗೆ ಹೋದೆವು. ಮೊದಲು ಬಾಗಿಲಿದ್ದ ಜಾಗದಲ್ಲಿ, ಆ ಎರಡು ಮೆಟ್ಟಿಲುಗಳ ಮೇಲೆ ಹೇಗೋ ಹತ್ತಿ, ನನ್ನ ಹೊಸ ಗಿಲಾವಿಗೆ ಮೂಗು ಒತ್ತಿಕೊಂಡು ಬಾಣ ನಿಂತಿದ್ದ. ಹಿಂಗಾಲು ನಡುಗುತ್ತಿದ್ದವು. ಉಗುರಿನಿಂದ ಗೋಡೆಯನ್ನು ಸ್ವಲ್ಪ ಕೆರೆದಿದ್ದ. ಬೊಗಳಿರಲಿಲ್ಲ. ಯಾರಾದರೂ ತೆಗೆಯುತ್ತಾರೆ ಎಂಬ ನಂಬಿಕೆಯಿಂದ ಕಾಯುತ್ತಿದ್ದ.

ಮೈಲಾರಪ್ಪನವರು ಅವನ ಪಕ್ಕ ಮೆಟ್ಟಿಲ ಮೇಲೆ ಕೂತರು. "ದಾರಿ ಎಲ್ಲಾ ಗೊತ್ತೈತಿ ಅವಂಗ, ಇರಾ. ಮನೀನ ನೀ ದಿನಾ ಬದಲ ಮಾಡಾಕತ್ತಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ದೀಪಾವಳಿಯಿಂದ ಅವನು ಕೋಣೆ ಕೋಣೆ ಅಲೆಯುತ್ತಿದ್ದುದು, ಮೂಲೆಗೆ ಮುಖ ಕೊಟ್ಟು ನಿಲ್ಲುತ್ತಿದ್ದುದು ಎಲ್ಲ ನೆನಪಾಯಿತು. ಅವನು ಹಾಸಿಗೆಯನ್ನು ಹುಡುಕುತ್ತಿದ್ದ. ನೀರನ್ನು ಹುಡುಕುತ್ತಿದ್ದ. ಕಣ್ಣು ಮಂಜಾದವನು ನೆನಪಿನಿಂದ ನಡೆಯುತ್ತಿದ್ದಾಗ ನಾನು ವಾರಕ್ಕೊಮ್ಮೆ ಎಲ್ಲವನ್ನೂ ಎತ್ತಿಡುತ್ತಿದ್ದೆ. ಇನ್ನೆರಡು ದಿನಕ್ಕೆ ಆ ನೆನಪನ್ನೇ ತೆಗೆಸಲು ಹೊರಟಿದ್ದೆ.

ಒಳಗಿನಿಂದ ದೊಡ್ಡ ಸುತ್ತಿಗೆ ತಂದು ಆ ಗೋಡೆ ಒಡೆದೆ. ಸದ್ದಿಗೆ ನೆರೆಯವರು ಬಂದರು. ನೋಡಿ, ಏನೂ ಕೇಳದೆ ಇಟ್ಟಿಗೆ ಎತ್ತಿ ಹಾಕಿದರು. ಆಳು ಹಿಡಿಸುವಷ್ಟು ತೂತಾದ ಕೂಡಲೇ ಬಾಣ ನಮ್ಮ ಕಾಲುಗಳ ನಡುವೆ ನುಗ್ಗಿ ಒಳಗೆ ಹೋದ, ದೀಪಾವಳಿಗೆ ಮೊದಲು ಹಾಸಿಗೆಯಿದ್ದ ಕಡೆ ಹೋಗಿ ಬರೀ ನೆಲದ ಮೇಲೆ ಮಲಗಿದ. ಅವತ್ತೇ ಹಾಸಿಗೆ ಅಲ್ಲಿಗೆ ಬಂತು. ಹುಬ್ಬಳ್ಳಿಯ ಡಾಕ್ಟರಿಗೆ ಬರುವುದಿಲ್ಲವೆಂದು ತಿಳಿಸಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ನೋವಿನ ಮಾತ್ರೆಯ ಹೆಸರು ಹೇಳಿದರು.

ಮರುದಿನ ಹಳೇ ಹೊಸ್ತಿಲನ್ನು ಸರಿಮಾಡಲು ಸುತ್ತಿಗೆ ಏಟಿಗೆ ಸಡಿಲಾದ ಕಲ್ಲನ್ನು ಎತ್ತಿದಾಗ ಅದರ ಕೆಳಗಿನ ಸಿಮೆಂಟಿನಲ್ಲಿ ನಾಯಿಯ ಹೆಜ್ಜೆ ಕಂಡವು. ಮೂರು ಪೂರ್ತಿ, ಒಂದು ಅರ್ಧ. ಅರ್ಧದ ಮೇಲೆ ಯಾರೋ ಗಾರೆ ಕರಣೆಯಿಂದ ಅಳಿಸಲು ಹೋಗಿ, ಮನಸ್ಸು ಬಾರದೆ ಬಿಟ್ಟ ಗುರುತು. ಈ ಮನೆಯ ಹಿಂಭಾಗ ಕಟ್ಟಿ ನೂರೈವತ್ತು ವರ್ಷದ ಮೇಲಾಯಿತೆಂದು ಹೇಳುತ್ತಾರೆ. ಅಂದರೆ ನಿಮಗೂ ಒಂದು ನಾಯಿಯಿತ್ತು, ನಿಮಗೂ ಮನೆಗೆಲಸದ ಹುಚ್ಚಿತ್ತು. ಬಾಣನ ಕಾಲನ್ನು ಆ ಗುರುತಿನ ಮೇಲಿಟ್ಟು ನೋಡೋಣವೆಂದು ಹಿಡಿದೆ. ಅವನು ಎಳೆದುಕೊಂಡ. ನಾನು ಒತ್ತಾಯ ಮಾಡಲಿಲ್ಲ. ಕಲ್ಲನ್ನು ಮತ್ತೆ ಮುಚ್ಚಲಿಲ್ಲ. ಹೊಸ್ತಿಲು ಹಾಗೆಯೇ ಇದೆ.

ಬಾಣ ಇನ್ನೂ ಇದ್ದಾನೆ. ಈಗ ಅವನನ್ನು ಎಲ್ಲಿಗೂ ಒಯ್ಯುವುದಿಲ್ಲ. ಶನಿವಾರ ಮೈಲಾರಪ್ಪನವರು ಒಬ್ಬರೇ ಹೋಗಿ ಕ್ಯಾನಿನಲ್ಲಿ ಬಿಯರ್ ತರುತ್ತಾರೆ, ಹಿತ್ತಲ ಮೆಟ್ಟಿಲ ಮೇಲೆ ಇಬ್ಬರೂ ಕೂತು ಕುಡಿಯುತ್ತೇವೆ. ಅವನು ನಮ್ಮ ಹಿಂದೆ ಬಾಗಿಲಿಗೆ ಅಡ್ಡವಾಗಿ ಮಲಗುತ್ತಾನೆ. ಕೈಗೆ ಕೆಲಸವಿಲ್ಲ. ಕೂರುವುದನ್ನು ಕಲಿಯುತ್ತಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಅವನ ಉಸಿರು ಸ್ವಲ್ಪ ತಡವಾದರೂ ತಿರುಗಿ ನೋಡುತ್ತೇನೆ, ಈ ಕಾಗದ ಬರೆಯುವಾಗಲೇ ಲೆಕ್ಕವಿಲ್ಲದಷ್ಟು ಸಲ ಎದ್ದು ನೋಡಿ ಬಂದೆ. ಬೇಸಿಗೆ ಮುಂದಿದೆ. ಬೆರಳುಗಳು ಏನನ್ನಾದರೂ ಬಿಚ್ಚಲು ತುಡಿಯುತ್ತವೆ. ಬಿಚ್ಚುವುದಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ಹಿಂದೋಲೆಗೆ ಉತ್ತರ ಬರುವುದಿಲ್ಲವೆಂದು ನನಗೆ ಗೊತ್ತಿದೆ. ಆದರೂ ಆ ಸಿಮೆಂಟು ಇನ್ನೂ ಹಸಿಯಾಗಿದ್ದರೆ, ಕರಣೆ ನಿಮ್ಮ ಕೈಯಲ್ಲೇ ಇದ್ದರೆ, ಒಂದು ಮೊಳೆ ತೆಗೆದುಕೊಂಡು ಆ ಹೆಜ್ಜೆಗಳ ಪಕ್ಕದಲ್ಲಿ ನಿಮ್ಮ ನಾಯಿಯ ಹೆಸರು ಬರೆದುಬಿಡಿ. ನಾಳೆ ಬೆಳಿಗ್ಗೆ ಬಾಗಿಲುಗಂಟೆಗೆ ಮುಂಚೆ ಹೊಸ್ತಿಲಲ್ಲಿ ಹೆಸರಿದೆಯೇ ಎಂದು ನೋಡುತ್ತೇನೆ.

ಇಂತಿ,
ಇರಾವತಿ ಹೂಗಾರ