ಎರಡನೇ ಲೈನಿನ ಚಿಕ್ಕಿ

3-12-1958, ಬುಧವಾರ

ಎಸ್ಟೇಟಿನ ಡಿಸ್ಪೆನ್ಸರಿಗೆ ಮೂವತ್ತೊಂದು ಜನ. ಕೆಮ್ಮು, ಕೆಮ್ಮು, ಒಂದು ಹಲ್ಲುನೋವು. ವಾರಕ್ಕೊಮ್ಮೆ ಬರುವ ಡಾಕ್ಟರು ಇವತ್ತು ರಿಜಿಸ್ಟರ್ ನೋಡಿ ಮುಖ ಗಂಟಿಕ್ಕಿದರು. ಪ್ರತಿಯೊಬ್ಬರಿಗೂ ಒಂದೊಂದು ನಂಬರು ಕೊಡಬೇಕಂತೆ. ಹೆಸರು, ಕೂಲಿಗಳ ಸಾಲುಮನೆಯ ಲೈನು ಬರೆದರೆ ಸಾಲದೇ? ಇದೇನು ಡಿಸ್ಪೆನ್ಸರಿಯೋ, ಜೈಲೋ. ಆಗಲಿ ಸಾರ್ ಅಂದೆ. ಮಾಡಲಿಲ್ಲ.

9-12, ಬೆಳಿಗ್ಗೆ 9

ನಾಲ್ಕನೇ ಲೈನಿನ ಚಿಕ್ಕಿಯನ್ನು ಪಕ್ಕದ ಮನೆಯ ಸಣ್ಣಿ ಹೊತ್ತು ತಂದಳು. ನ್ಯುಮೋನಿಯಾ. ಜ್ವರ 104, ಮಾತಿಲ್ಲ. ಗಂಡ ಬಾಳೆಲೆ ಊರಿಗೆ ಹೋಗಿದ್ದಾನೆ. ಇಂಥದ್ದಕ್ಕೆ ಪೆನಿಸಿಲಿನ್ ಕೊಡಿ ಎಂದು ಡಾಕ್ಟರು ಹೇಳಿಟ್ಟಿದ್ದಾರೆ. ರಿಜಿಸ್ಟರ್ ನೋಡಿದೆ: ‘ಚಿಕ್ಕಿ, ನಾಲ್ಕನೇ ಲೈನು. ಮೇ. ಪೆನಿಸಿಲಿನ್. ತೊಂದರೆ ಇಲ್ಲ.’ ಸಿರಿಂಜು ತುಂಬಿದೆ.

ಆಗ ಸಣ್ಣಿ ಅಂದಳು, “ಸೂರು ರಿಪೇರಿಗೆ ನಮ್ಮನ್ನೆಲ್ಲ ಆಚೀಚೆ ಲೈನಿಗೆ ಹಾಕಿದ್ರಲ್ಲಮ್ಮ. ಇವ್ಳು ಮೊದ್ಲು ಎಲ್ಲಿದ್ಲೋ ನಂಗೆ ಗೊತ್ತಿಲ್ಲ.”

ಪುಟ ತಿರುವಿದೆ. ಜುಲೈ, ಕೆಂಪು ಶಾಯಿ: ‘ಚಿಕ್ಕಿ, ಎರಡನೇ ಲೈನು. ಪೆನಿಸಿಲಿನ್ ಕೊಟ್ಟೊಡನೆ ಮುಖ ಊದಿ ಉಸಿರು ಕಟ್ಟಿತು. ಇನ್ನೆಂದೂ ಕೊಡಬಾರದು.’ ಬರೆದದ್ದು ಮಾಯಿಲಪ್ಪ. ಆಗ ನಾನು ರಜೆಯಲ್ಲಿದ್ದೆ, ನನ್ನ ಬದಲಿಗೆ ಬಂದಿದ್ದ ಕಂಪೌಂಡರ್ ಅವರು.

ಸಿರಿಂಜು ಕೆಳಗಿಟ್ಟೆ.

11 ಗಂಟೆ

ಎಸ್ಟೇಟಿನಲ್ಲಿ ಚಿಕ್ಕಿಯರು ಮೂವರು. ಸೆಪ್ಟೆಂಬರಿನಲ್ಲಿ ಯಾರನ್ನು ಎಲ್ಲಿಂದ ಎಲ್ಲಿಗೆ ಹಾಕಿದಿರಿ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸಿದ್ದಣ್ಣನವರನ್ನು ಕೇಳಿದೆ. ಬರೆದಿಟ್ಟಿಲ್ಲವಂತೆ! ಮಾಯಿಲಪ್ಪ ಮುಖ ನೋಡಿದರೆ ಗುರುತು ಹಿಡಿದಾರು. ಅವರಿರುವ ಸುಂಟಿಕೊಪ್ಪಕ್ಕೆ ಲಾರಿ ಕಳಿಸಿದೆ. ಸಲ್ಫಾ ಮಾತ್ರೆ ಅರೆದು ಚಮಚದಲ್ಲಿ ಹಾಕುತ್ತಿದ್ದೇನೆ. ಅರ್ಧ ಹೊರಗೆ ಬರುತ್ತದೆ. ಪೆನಿಸಿಲಿನ್ ಕೊಡದಿದ್ದರೆ ಸಂಜೆಯೊಳಗೆ ಹೋದಾಳು. ಕೊಟ್ಟರೆ ಐದೇ ನಿಮಿಷದಲ್ಲಿ... ಭಯವಾಗುತ್ತಿದೆ.

1.30

ಮಾಯಿಲಪ್ಪ ಬಂದರು. ಕಂಬಳಿ ಸರಿಸಿ ಮುಖ ನೋಡಿದರು.

“ಇವಳೇ, ಸಿಸ್ಟರೆ. ಜುಲೈಲಿ ಸತ್ತು ಬದುಕಿದವಳು.”

ಅದೇ ಲಾರಿಯಲ್ಲಿ ಮಡಿಕೇರಿ ಆಸ್ಪತ್ರೆಗೆ ಕಳಿಸಿದೆವು. ಸಿರಿಂಜಿನ ಔಷಧಿ ಹೊರಗೆ ಚೆಲ್ಲಿ ಬಂದು ಕೂತು ಅತ್ತೆ.

14-12, ಭಾನುವಾರ

ಚಿಕ್ಕಿ ಗಂಜಿ ಕುಡಿದಳಂತೆ. ಬದುಕಿದಳು.

ಇವತ್ತು ಹೊಸ ರಿಜಿಸ್ಟರ್. ಒಬ್ಬರಿಗೆ ಒಂದೇ ನಂಬರು. ಲೈನು ಬದಲಾದರೂ ಅದೇ, ಗಂಡ ಬದಲಾದರೂ ಅದೇ. ಸತ್ತರೂ ಆ ನಂಬರು ಇನ್ನೊಬ್ಬರಿಗಿಲ್ಲ. ಮೊದಲ ನಂಬರು ಅವಳಿಗೇ ಕೊಟ್ಟು, ಕೆಂಪು ಬರಹವನ್ನು ಆ ಪುಟಕ್ಕೆ ಇಳಿಸಿದೆ. ಸಾಲಿನಲ್ಲಿ ನಿಂತವರು ನಗುತ್ತಿದ್ದರು. ನಗಲಿ.

ನಲವತ್ತೆರಡನೆಯವಳು ಕೋಲೂರಿಕೊಂಡು ಬಂದಳು. ಹೆಸರು ಕೇಳಿದೆ. ಚಿಕ್ಕಿ. ಲೈನು? ಎರಡು.

ಸೆಪ್ಟೆಂಬರಿನಲ್ಲಿ ಅಲ್ಲಿಗೆ ಬಂದವಳು. ಅಕ್ಟೋಬರಿನಲ್ಲಿ ಗುದ್ದಲಿ ಏಟು ಬಿದ್ದು ಪಾದ ಕೀವಾದಾಗ ನಾನೇ ರಿಜಿಸ್ಟರ್ ನೋಡಿದ್ದೆ. ಕೆಂಪು ಶಾಯಿ ಕಂಡು, ಆ ಸೂಜಿ ನಿನಗೆ ಆಗಲ್ಲ, ಹಾಕಿದರೆ ಸಾಯ್ತೀಯ ಅಂದಿದ್ದೆ. ಬರೀ ಪಟ್ಟಿ ಕಟ್ಟಿ ಕಳಿಸಿದ್ದೆ. ಆಮೇಲೆ ಮಡಿಕೇರಿಯಲ್ಲಿ ಆ ಕಾಲಿನ ಮೂರು ಬೆರಳು ತೆಗೆದರು.

ನಂಬರಿನ ಚೀಟಿ ಕೈಗೆ ಕೊಟ್ಟೆ. ಕಣ್ಣಿಗೆ ಒತ್ತಿಕೊಂಡಳು.

“ಅವತ್ತು ನೀವು ಆ ಪುಸ್ತಕ ನೋಡಿದ್ದಕ್ಕೆ ನನ್ ಜೀವ ಉಳೀತು ಅಂತ ಎಲ್ರಿಗೂ ಹೇಳ್ತೀನಮ್ಮ.”

ನಾನು ಅವಳಿಗೆ, ಆ ಕೆಂಪು ಬರಹ ನಿನ್ನದಾಗಿರಲಿಲ್ಲ ಎಂದು...