ನನ್ನ ಸಾರು ತಿಂದ ಬೆಕ್ಕು

ಪಾಂಡವಪುರ
೧೮-೦೬-೨೦೨೪, ಮಂಗಳವಾರ

ಮಾತೃಶ್ರೀ ಸಮಾನರಾದ ಅತ್ತೆಯವರಿಗೆ,

ಚೈತ್ರಳ ನಮಸ್ಕಾರ. ಸಿಟ್ಟು ಬೇರೆ, ನಮಸ್ಕಾರ ಬೇರೆ, ಅದಕ್ಕೇ ಮೊದಲು ಅದನ್ನು ಮುಗಿಸಿದ್ದೇನೆ. ಇಲ್ಲಿ ನಾನೂ ನಿಮ್ಮ ಮಗನೂ ಕ್ಷೇಮ. ಕೆ.ಆರ್. ಪೇಟೆಯಲ್ಲಿ ಮಗಳ ಮನೆಯಲ್ಲಿರುವ ನಿಮ್ಮ ಕ್ಷೇಮ ಹೇಗಿದೆ ಅಂತ ಕೇಳಬೇಕಾದ ಜಾಗ ಇದು. ಕೇಳುವುದಿಲ್ಲ. ಕೇಳಿದರೆ ನೀವು ಸುಳ್ಳು ಹೇಳುತ್ತೀರಿ. ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ "ನಾನ್ ಚೆನ್ನಾಗಿವ್ನಿ ಕಣವ್ವ, ಕೆಂಚನ ಒಟ್ಟೆ ಎಂಗದೆ" ಅಂತ ಬೆಕ್ಕಿನ ಕಡೆ ಮಾತು ತಿರುಗಿಸಿ ಕಟ್ ಮಾಡಿಬಿಡುತ್ತೀರಿ. ಕಾಗದವನ್ನು ಹಾಗೆ ಕಟ್ ಮಾಡಲಾಗದು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ.

ಶನಿವಾರ ನಿಮ್ಮ ಮಗಳು ರಂಜಿತ ಫೋನ್ ಮಾಡಿದ್ದಳು. "ನಮ್ಮವ್ವ ಕಡ್ಡಿ ಆಗೋಗವ್ಳೆ ಅತ್ತಿಗೆ. ಅಲ್ಲಿ ಒಟ್ಟೆಗೆ ಇಕ್ತಿದ್ರೋ ಇಲ್ವೋ" ಅಂದಳು. ಈ ಮನೆಗೆ ಬಂದು ಆರು ವರ್ಷ, ಇಂಥ ಮಾತು ಯಾರ ಬಾಯಲ್ಲೂ ಕೇಳಿರಲಿಲ್ಲ. ನಿಮಗೆ ಬಡಿಸದೆ ನಾನು ಒಂದು ದಿನವಾದರೂ ಉಂಡಿದ್ದೇನೆಯೇ? ನಿಮ್ಮ ತಟ್ಟೆಗೆ ಹಾಕಿದ ಮುದ್ದೆಯೆಲ್ಲ ಎಲ್ಲಿಗೆ ಹೋಯಿತು ಅಂತ ನನಗೇ ತಿಳಿಯಲಿಲ್ಲ. ಫೋನಿಟ್ಟು ಒಲೆ ಮುಂದೆ ನಿಂತು ಅತ್ತುಬಿಟ್ಟೆ. ಅದಕ್ಕೆ ಉತ್ತರ ಹುಡುಕಿಕೊಟ್ಟವನು ನಿಮ್ಮ ಮುದ್ದಿನ ಬೆಕ್ಕು.

ಶಿವರಾತ್ರಿಯಿಂದಲೂ ಕೆಂಚನ ಹೊಟ್ಟೆ ಕೆಟ್ಟೇ ಇತ್ತಲ್ಲ. ದಿನಕ್ಕೆ ನಾಲ್ಕು ಸಲ ಕೊಟ್ಟಿಗೆಯಲ್ಲಿರುವ ಮರದ ಹೊಟ್ಟಿನ ಗುಡ್ಡೆಗೆ ಓಡುತ್ತಿದ್ದ, ಹೋದದ್ದೆಲ್ಲ ಬರೀ ನೀರು. "ಅಲ್ಲಿ ತಿಂದಿರ್ಬೇಕು ಬುಡು" ಅಂತ ನೀವು ಹಲ್ಲಿಯ ಮೇಲೆ ಹಾಕಿದಿರಿ. ನಾನು ಓಮದ ನೀರು ಕುಡಿಸಿದೆ, ಬೆಳ್ಳುಳ್ಳಿ ಜಜ್ಜಿ ಮಜ್ಜಿಗೆಯಲ್ಲಿ ಕದಡಿ ಕುಡಿಸಿದೆ. ಕೊನೆಗೆ ಗುಡ್ಡೆಯವರೆಗೂ ಓಡಲಾಗದೆ, ಕಿರಂಗೂರಿನ ಗಿರಾಕಿಗೆ ನಿಮ್ಮ ಮಗ ಕೆತ್ತಿಟ್ಟಿದ್ದ ದೇವರಮನೆ ಬಾಗಿಲ ಮೇಲೇ ಮಾಡಿಬಿಟ್ಟ. ನಿಮ್ಮ ಮಗ ಉಳಿ ಎಸೆದು, "ನಾಳೀಕೇ ಚೀಲಕ್ಕಾಕಿ ಗದ್ದೆ ಬಯಲ್ಗೆ ಬುಟ್ಬುಡ್ತೀನಿ" ಅಂತ ಕೂಗಾಡಿದರು. ನೀವು ಕೆಂಚನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಣ್ಣೀರಿಟ್ಟಿರಿ. ಬೆಕ್ಕಿಗಾಗಿ ಅಳುತ್ತಿದ್ದೀರಿ ಅಂದುಕೊಂಡೆ ನಾನು, ದಡ್ಡಿ. ಮಾರನೇ ದಿನ ನೀವು ಕೆ.ಆರ್. ಪೇಟೆ ಬಸ್ಸು ಹತ್ತಿದಿರಿ. ನಾನು ಅವನನ್ನು ಕುಕ್ಕೆಯಲ್ಲಿ ಕೂರಿಸಿ, ಮೇಲೆ ಟವೆಲ್ ಕಟ್ಟಿ, ದನದ ಆಸ್ಪತ್ರೆಗೆ ಹೊತ್ತುಕೊಂಡು ಹೋದೆ.

ಡಾಕ್ಟರಮ್ಮ ಅವನ ಹೊಟ್ಟೆ ಅಮುಕಿ, ಒಸಡು ನೋಡಿ, ಬೆನ್ನ ಚರ್ಮ ಎಳೆದು ಬಿಟ್ಟು, ಏನು ತಿನ್ನುತ್ತಾನೆ ಅಂತ ಕೇಳಿದರು. ರಾತ್ರಿ ಒಂದು ಹಿಡಿ ಅನ್ನ ಅಂದೆ. "ಸುಳ್ಳೇಳ್ಬೇಡ ಕಣಮ್ಮ, ಇದು ಮೂರೊತ್ತೂ ಯಾರ್ದೋ ತಟ್ಟೇಲಿ ಉಣ್ಣೋ ಬೆಕ್ಕು" ಅಂದರು. ಬೆಕ್ಕು ಅಂದರೆ ಹಾಲು ಅಂತ ನಾವು ಹುಟ್ಟಿದಾಗಿನಿಂದ ಕೇಳಿದ್ದೇವಲ್ಲ, ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗುವುದೇ ಇಲ್ಲವಂತೆ. ಖಾರದ ಸಾರೂ ಆಗದು. ಈರುಳ್ಳಿ, ಬೆಳ್ಳುಳ್ಳಿ ಅಂತೂ ಅವಕ್ಕೆ ವಿಷವಂತೆ. ನನ್ನ ಮಜ್ಜಿಗೆ ವೈದ್ಯ ಕೇಳಿ ಹಣೆ ಚಚ್ಚಿಕೊಂಡರು. ಮನುಷ್ಯರ ಮಾತ್ರೆ ಚೂರೂ ಮುಟ್ಟಿಸಬೇಡ, ಪ್ರಾಣಕ್ಕೇ ಕುತ್ತು. ಹಾಗಂತ ಉಪವಾಸವೂ ಕೆಡವಬೇಡ. ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿಯನ್ನು ಸ್ವಲ್ಪ ಸ್ವಲ್ಪವಾಗಿ ಕೊಡು, ನೀರು ಯಾವಾಗಲೂ ಇಟ್ಟಿರು ಅಂದರು. ಜಂತಿನ ಔಷಧಿ ಅವರೇ ಕುಡಿಸಿದರು. ನಮ್ಮ ಮನೆಯಲ್ಲಿ ಕೋಳಿ ಬೇಯಿಸುವುದೆಲ್ಲಿ ಬಂತು! ಪಕ್ಕದ ಮನೆಯ ಶಾಹಜಹಾನ್ ಬೇಗಂ ತಾವೇ ಬೇಯಿಸಿ ಡಬ್ಬಿಯಲ್ಲಿ ಕೊಟ್ಟರು. ನಾಲ್ಕನೇ ದಿನಕ್ಕೆ ಕೆಂಚ ಸರಿಹೋದ. ನಿಮ್ಮ ಮಗನೂ ಚೀಲದ ಮಾತು ಬಿಟ್ಟರು.

ಆದರೆ ಆ ಮೂರೊತ್ತಿನ ಮಾತು ನನ್ನ ತಲೆಯಲ್ಲೇ ಉಳಿಯಿತು. ಬೆಳಗ್ಗೆ ಹಾಲು ಕಾಯುವ ಹೊತ್ತಿಗೆ, ಮಧ್ಯಾಹ್ನ ಮುದ್ದೆ ಕಟ್ಟುವ ಹೊತ್ತಿಗೆ, ಮತ್ತೆ ರಾತ್ರಿ ಊಟಕ್ಕೆ, ಕೆಂಚ ಹಿತ್ತಲ ಮೆಟ್ಟಿಲಿಗೆ ಬಂದು ಕೂರುತ್ತಾನೆ. ಒಳಗೆ ಸೆಕೆ ಅಂತ ನೀವು ತಟ್ಟೆ ಎತ್ತಿಕೊಂಡು ಹೋಗಿ ಕೂರುತ್ತಿದ್ದ ಅದೇ ಮೆಟ್ಟಿಲು. ನಿನ್ನೆ ನಿಮ್ಮ ತಟ್ಟೆಗೇ ಮುದ್ದೆ, ಬಸ್ಸಾರು ಬಡಿಸಿಕೊಂಡು ನಾನೇ ಹೋಗಿ ಅಲ್ಲಿ ಕೂತೆ. ಕೆಂಚ ಓಡಿ ಬಂದು ನೇರ ತಟ್ಟೆಗೇ ಬಾಯಿ ಹಾಕಿಬಿಟ್ಟ, ಅತ್ತೆ. ಕದ್ದು ತಿನ್ನುವ ಬೆಕ್ಕಿನ ಅಂಜಿಕೆ ಒಂದಿಷ್ಟೂ ಇಲ್ಲ. ಅದು ತನ್ನದೇ ತಟ್ಟೆ ಅಂತ ತಿಳಿದಿದ್ದಾನೆ. ಬಸ್ಸಾರು ಅವನ ಬಾಯಿಗೆ ಸಿಗದಂತೆ ತಟ್ಟೆ ಮೇಲೆತ್ತಿಕೊಂಡೆ.

ಮೂರು ತಿಂಗಳು! ನಿಮ್ಮ ಹಾಲು, ನಿಮ್ಮ ಮುದ್ದೆ, ನಿಮ್ಮ ಸಾರು ಎಲ್ಲ ಬೆಕ್ಕಿಗೆ. ತಟ್ಟೆ ತೊಳೆದಿಟ್ಟು "ಸಾರು ಅಮೃತ್ದಂಗದೆ ಕಣವ್ವ" ಅನ್ನುತ್ತಿದ್ದಿರಿ. ನಾನು ಹಿಗ್ಗಿ ಮಾರನೇ ದಿನ ಇನ್ನೊಂದು ಸೌಟು ಹೆಚ್ಚಿಗೆ ಬಡಿಸುತ್ತಿದ್ದೆ. ತಿಂದವನು ಕೆಂಚ, ಹೊಗಳಿದವರು ನೀವು, ಪೆದ್ದಿ ನಾನು. ಹೊಟ್ಟೆಗೆ ಅನ್ನ ಸೇರುತ್ತಿಲ್ಲ ಅಂತ ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಸೊಸೆಯ ಅಡುಗೆ ಬೇಡ ಅಂದಂತಾಗುತ್ತದೆ ಅಂತ ಸುಮ್ಮನಿದ್ದಿರಾ? ನಿಮ್ಮಕ್ಕ, ನಾಗಮಂಗಲದ ದೊಡ್ಡಮ್ಮ, ಹೊಟ್ಟೆನೋವು ಅಂತ ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ, ನಿಮಗೆ ಆ ಭಯ ಇದೆ, ಗೊತ್ತು. ಆದರೆ ಅವರು ಎರಡು ವರ್ಷ ಮುಚ್ಚಿಟ್ಟುಕೊಂಡು ಆಮೇಲೆ ಹೋದರು ಅಂತ ಬೈದುಕೊಂಡು ಅತ್ತವರೂ ನೀವೇ. ಬೆಕ್ಕಿಗೆ ಬಾಯಿಲ್ಲ, ಅದರ ಹೊಟ್ಟೆಯ ಸಂಕಟ ನಾವೇ ಊಹಿಸಬೇಕು. ನಿಮಗೆ ಬೀದಿಗೆಲ್ಲ ಕೇಳಿಸುವಷ್ಟು ಬಾಯಿದೆ. ನನ್ನ ಮುಂದೆ ಮಾತ್ರ ಯಾಕೆ ಬಿಗಿದುಕೊಂಡಿರಿ? ನನಗೆ ಭಯವಾಗಿದೆ ಅತ್ತೆ, ಆ ಭಯಕ್ಕೇ ಇಷ್ಟು ಸಿಟ್ಟು ಬರುತ್ತಿದೆ.

ಭಾನುವಾರ ನಿಮ್ಮ ಮಗ ಬರುತ್ತಾರೆ, ಅವರ ಜೊತೆ ಹೊರಟು ಬನ್ನಿ. ಸೋಮವಾರ ಬೆಳಗ್ಗೆ ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಗಂಜಿ ಸೇರಿದರೆ ಗಂಜಿ, ಏನೂ ಸೇರದಿದ್ದರೆ ಸೇರದು ಅಂತ ಹೇಳಿ, ನನಗೆ ಬೇಜಾರಿಲ್ಲ. ರಂಜಿತಳಿಗೆ ನನ್ನ ಪ್ರೀತಿ ತಿಳಿಸಿ, ಅತ್ತಿಗೆ ಊಟಕ್ಕೆ ಇಕ್ಕುತ್ತಿದ್ದಳು ಅನ್ನುವುದನ್ನೂ ನಿಮ್ಮ ಬಾಯಿಂದಲೇ ತಿಳಿಸಿ. ನಿಮ್ಮ ಆಶೀರ್ವಾದ ಇರಲಿ, ಸುಳ್ಳು ಮಾತ್ರ ಸಾಕು.

ಇಂತಿ ನಿಮ್ಮ ಸೊಸೆ,
ಚೈತ್ರ

ವಿ.ಸೂ.: ಕವರಿಗೆ ಅಂಟು ಹಚ್ಚುತ್ತಿದ್ದೆ, ಶಾಹಜಹಾನ್ ಬೇಗಂ ತಮ್ಮ ಡಬ್ಬಿ ಕೇಳಿಕೊಂಡು ಬಂದರು. ನಿಮ್ಮ ತಟ್ಟೆಯ ವಿಷಯ ಹೇಳಿದೆ. ಅವರು ಬಾಗಿಲು ಹಿಡಿದುಕೊಂಡು ಅತ್ತರು. "ಅಲ್ಲಾನ ಮೇಲೆ ನಿಮ್ಮತ್ತೆ ಆಣೆ ಆಕ್ಸಿದ್ರು ಬೇಟಾ, ಅದ್ಕೇ ಬಾಯ್ ಬುಡ್ಲಿಲ್ಲ. ಇತ್ತಲಲ್ಲಿ ವಾಂತಿ ಮಾಡ್ಕೊತಿದ್ರು. ಕಾಫಿ ಚರಟದಂಗೆ ಕರ್ರಗೆ" ಅಂದರು. ಅದು ರಕ್ತ ಇರಬಹುದಂತೆ ಅತ್ತೆ. ನಿಮ್ಮ ಮಗ ಈಗಷ್ಟೇ ಡಾಕ್ಟರಿಗೆ ಫೋನ್ ಮಾಡಿ ಕೇಳಿದರು, ಒಂದು ಗಂಟೆಯೂ ಕಾಯಬೇಡಿ ಅಂದರು. ರಂಜಿತಳಿಗೆ ಹೇಳಿಯಾಯಿತು, ಇಷ್ಟು ಹೊತ್ತಿಗೆ ಅವಳು ನಿಮ್ಮನ್ನು ಆಸ್ಪತ್ರೆಗೆ ಹೊರಡಿಸಿರುತ್ತಾಳೆ. ನಾವಿಬ್ಬರೂ ಹೊರಟೆವು. ಈ ಕಾಗದ ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ತರುತ್ತೇನೆ. ನಿಮ್ಮ ಹಾಸಿಗೆ ಪಕ್ಕ ಕೂತು ನಾನೇ ಓದುತ್ತೇನೆ, ಒಂದು ಬೈಗುಳವನ್ನೂ ಬಿಡದೆ. ಕೇಳಿಸಿಕೊಳ್ಳುವುದಕ್ಕೆ ನೀವಿರಬೇಕು, ಅಷ್ಟೇ.